ಬೈಶೆನ್‌ನ ಸರದಿ

ನನ್ನ ಗಂಡ ದೋಲೋತ್ ಸಭೆ ಬಿಟ್ಟದ್ದು ಎರಡು ಚೀಲ ಕಲ್ಲಿದ್ದಲಿನ ಕಾರಣಕ್ಕೆ. ಕೇಳಿದವರು ನಗುತ್ತಾರೆ. ನಾನೂ ಈಗ ನಗುತ್ತೇನೆ. ಆ ವರ್ಷ ಮಾತ್ರ ನಗು ಬರುತ್ತಿರಲಿಲ್ಲ.

ಕೊಚ್ಕೋರ್ ಕಣಿವೆಯ ನಮ್ಮ ಹಳ್ಳಿಯಲ್ಲಿ ಯೇಸುವನ್ನು ನಂಬಿದವರು ಮಕ್ಕಳೂ ಸೇರಿ ಇಪ್ಪತ್ತಮೂರು ಜನ. ಭಾನುವಾರ ಎಮಿಲ್ ಮೇಷ್ಟ್ರ ಮನೆಯ ದೊಡ್ಡ ಕೋಣೆಯಲ್ಲಿ ಸೇರುತ್ತಿದ್ದೆವು. ಶಾಲೆಯಲ್ಲಿ ಭೂಗೋಳ ಕಲಿಸುವ ಮೇಷ್ಟ್ರೇ ಸಭೆಯ ಹಿರಿಯರು. ಬಾಗಿಲ ಪಕ್ಕದ ಗೋಡೆಗೆ ಒಂದು ಪಟ್ಟಿ ಅಂಟಿಸಿರುತ್ತಿತ್ತು. ಈ ವಾರ ಒಲೆಗೆ ಕಲ್ಲಿದ್ದಲು ತರುವವರು ಯಾರು, ಅಂಗಳದ ಹಿಮ ಗುಡಿಸುವವರು ಯಾರು, ಕಾಯಿಲೆ ಬಿದ್ದವರನ್ನು, ದೂರ ಹೋದವರನ್ನು ನೋಡಿ ಬರುವವರು ಯಾರು, ಎಲ್ಲ ಅದರಲ್ಲಿ. ಬರೆಯುತ್ತಿದ್ದವನು ಬೈಶೆನ್. ಮೂವತ್ತು ವರ್ಷ ಲಾರಿ ಓಡಿಸಿದವನು. ರಸ್ತೆಯ ನಿಯಮವೆಲ್ಲ ಅವನ ಮುಖದ ಮೇಲೇ ಬರೆದಂತಿತ್ತು. ದೋಲೋತ್ ಅದಕ್ಕೆ ತೀರಾ ಉಲ್ಟಾ. ಕೊಮುಜಿನ ಮೂರು ತಂತಿ ಮೀಟಿ ಹಾಡು ಎತ್ತಿದರೆ ಬುರುಲಜ್ಜಿ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಎಪ್ಪತ್ತೆರಡರ ಆ ವಿಧವೆ ನಮ್ಮ ಹಳ್ಳಿಯಲ್ಲಿ ಮೊದಲು ದೀಕ್ಷಾಸ್ನಾನ ಪಡೆದವಳು. ನಮ್ಮಿಬ್ಬರನ್ನು ಸಭೆಗೆ ಕರೆತಂದವಳೂ ಅವಳೇ. ಪ್ರಭುಭೋಜನದ ರೊಟ್ಟಿ ಸುಡುತ್ತಿದ್ದದ್ದೂ ಅವಳೇ.

ಫೆಬ್ರವರಿಯ ಒಂದು ವಾರ ಕಲ್ಲಿದ್ದಲಿನ ಸರದಿ ನಮ್ಮದಿತ್ತು. ಅದೇ ವಾರ ಕುರಿಗಳು ಸಾಲಾಗಿ ಈಯಲು ಶುರು ಮಾಡಿದವು. ನಾವಿಬ್ಬರೂ ಹಗಲಿರುಳು ಕೊಟ್ಟಿಗೆಯಲ್ಲಿದ್ದೆವು. ಭಾನುವಾರ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಮುಂದಿನ ವಾರ ಹೋದಾಗ ಬೈಶೆನ್ ಎಲ್ಲರ ಮುಂದೆ ಎದ್ದು ನಿಂತು ಪಟ್ಟಿ ಓದಿದ.

"ದೋಲೋತ್. ಕಲ್ಲಿದ್ದಲು. ತರಲಿಲ್ಲ. ಹೇಳಿ ಕಳಿಸಲೂ ಇಲ್ಲ."

ದೋಲೋತನ ಕಿವಿ ಕೆಂಪಾಯಿತು. "ಬೈಶೆನಣ್ಣ, ನಾನು ಯೇಸುವನ್ನ ನಂಬಿದ್ದು ಕಲ್ಲಿದ್ದಲು ಹೊರೋಕಲ್ಲ."

"ಹೊರದೆ ಇರೋಕೂ ಅಲ್ಲ."

"ಇದೇನು ದೇವರ ಮನೆಯೋ, ಲಾರಿ ಡಿಪೋನೋ?"

ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಆ ನಗು ತನ್ನನ್ನು ಕಂಡು ಬಂದದ್ದು ಎಂದುಕೊಂಡ ದೋಲೋತ್ ಕೊಮುಜ್ ಎತ್ತಿಕೊಂಡು ಹೊರಟ. ಮಗಳು ಸೋನುನ್‌ಳನ್ನು ಎತ್ತಿಕೊಂಡು ನಾನೂ ಹಿಂದೆ ಹೋದೆ. ಆಮೇಲೆ ಮೇಷ್ಟ್ರು ಎರಡು ಸಲ ಮನೆಗೆ ಬಂದರು. ದೋಲೋತ್ ಚಹಾ ಕೊಟ್ಟ, ಮಾತು ಕೊಡಲಿಲ್ಲ. ಸಭೆಯವರ ಯಾರ ಮನೆಗೂ ನಾವು ಕಾಲಿಡಲಿಲ್ಲ. ಮೇ ತಿಂಗಳಲ್ಲಿ ಕುರಿ, ಕುದುರೆ ಹೊಡೆದುಕೊಂಡು ಸೋನ್‌ಕುಲ್ ಸರೋವರದ ಮೇಲಿನ ಹುಲ್ಲುಗಾವಲಿಗೆ ಹತ್ತಿದೆವು.

"ನೋಡು ಜಿಪಾರ್," ಗುಡಾರ ಕಟ್ಟಿದ ದಿನ ನನಗೆ ಹೇಳಿದ, "ಇಲ್ಲಿ ಆಕಾಶ ಎಷ್ಟು ಹತ್ರ ಇದೆ. ದೇವರ ಹತ್ರ ಮಾತಾಡೋಕೆ ಬೈಶೆನ್ ಅಪ್ಪಣೆ ಬೇಕಾ? ನಾನಿದೀನಿ, ನೀನಿದೀಯ, ಪುಸ್ತಕ ಇದೆ. ಸಾಲದಾ?"

ನನಗೂ ಸಾಕು ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಮೊದಲ ಭಾನುವಾರ ಎರಡು ಗಂಟೆ ಹಾಡಿದೆವು. ಪಕ್ಕದ ತೊರೆಯಾಚೆ ಗುಡಾರ ಹಾಕಿದ್ದ ಕಾಲಿಚಾ ಬಂದು ಬಾಗಿಲಲ್ಲಿ ನಿಂತು ಕೇಳಿದಳು. ಮೂರನೆಯ ಭಾನುವಾರ ಅರ್ಧ ಗಂಟೆ. ಆಮೇಲೆ ಉಣ್ಣೆ ಕತ್ತರಿಸುವ ಕೆಲಸ ಬಂತು, ಒಂದು ಕುದುರೆ ಕಳೆಯಿತು, ಆಲಿಕಲ್ಲು ಬಿತ್ತು. ಜುಲೈ ಹೊತ್ತಿಗೆ ನಾನು ಹಾಲು ಕಡೆಯುತ್ತಲೇ ಪ್ರಾರ್ಥಿಸುತ್ತಿದ್ದೆ, ಅದೂ ಕುರಿಗಳ ಗೊರಸಿನ ರೋಗದ ಬಗ್ಗೆಯೇ. ದೋಲೋತ್ ಓದಿದರೆ ತನಗೆ ಒಪ್ಪುವ ಅಧ್ಯಾಯವನ್ನೇ ಓದುತ್ತಿದ್ದ. ದುಷ್ಟರು ಹೊಟ್ಟಿನಂತೆ ಹಾರಿಹೋಗುವ ಭಾಗ ಅವನಿಗೆ ಬಲು ಇಷ್ಟವಾಯಿತು. ಓದಿ ಮುಗಿಸಿ ಕಣಿವೆಯ ಕಡೆ ನೋಡುತ್ತಿದ್ದ. ಯಾರನ್ನು ನೆನೆಸಿಕೊಳ್ಳುತ್ತಿದ್ದಾನೆಂದು ನನಗೆ ಗೊತ್ತಿತ್ತು.

ಒಂದು ದಿನ ಕಾಲಿಚಾ ಗಟ್ಟಿ ಮೊಸರಿನ ಉಂಡೆ ಒಣಗಿಸುತ್ತ ಕೇಳಿದಳು, "ಅಲ್ಲ ಜಿಪಾರ್, ನನ್ನ ಯಜಮಾನ್ರು ಶುಕ್ರವಾರ ಬಂತು ಅಂದ್ರೆ ಮೂರು ಗಂಟೆ ಕುದುರೆ ಮೇಲೆ ಹೋಗಿ ನಾಲ್ಕು ಜನರ ಜೊತೆ ನಮಾಜಿಗೆ ನಿಲ್ತಾರೆ. ನೀವು ಮೂರೇ ಜನ ಇಲ್ಲಿ ಕೂತು ಅದೇನು ದೇವರನ್ನ ಪೆಟ್ಟಿಗೇಲಿ ಇಟ್ಕೊಂಡಿದ್ದೀರಾ?"

ಅದೇ ಸಂಜೆ ಊಟಕ್ಕೆ ಮುಂಚೆ ನಾಲ್ಕು ವರ್ಷದ ಸೋನುನ್ ಕೈ ಮುಗಿದು, ತಾನಾಗಿಯೇ ಪ್ರಾರ್ಥನೆ ಮಾಡಿದಳು.

"ಯೇಸಪ್ಪಾ, ಕರಿ ಕುರಿಮರಿ ಕಾಪಾಡು. ಅಮ್ಮನ್ನ ಕಾಪಾಡು. ಬೈಶೆನ್ ತಾತನ ಲಾರಿ ಕೆಟ್ಟು ಹೋಗಲಿ. ಆಮೆನ್."

ದೋಲೋತ್ ನಕ್ಕುಬಿಟ್ಟ. ನಾನು ನಗಲಿಲ್ಲ. ಮಗು ಇದನ್ನು ಯಾವ ಸಭೆಯಲ್ಲೂ ಕಲಿತಿರಲಿಲ್ಲ, ನಮ್ಮ ಗುಡಾರದಲ್ಲಿ ಕಲಿತಿತ್ತು. ನನ್ನ ಮುಖ ನೋಡಿ ಅವನ ನಗುವೂ ನಿಂತಿತು.

ಅದಾಗಿ ಎಂಟು ಹತ್ತು ದಿನಕ್ಕೆ, ಒಂದು ಬುಧವಾರ ಸಂಜೆ, ಇಳಿಜಾರಿನಲ್ಲಿ ಒಬ್ಬ ಸವಾರ ಕಾಣಿಸಿದ. ಕುದುರೆಯ ಮೇಲೆ ಅವನು ಕೂತದ್ದು ನೋಡಿದರೆ ಯಾರೋ ಹಿಟ್ಟಿನ ಚೀಲ ಹೇರಿ ಕಳಿಸಿದಂತಿತ್ತು. ಹತ್ತಿರ ಬಂದಾಗ ಬೈಶೆನ್. ಮಳೆಯಲ್ಲಿ ತೊಯ್ದು ತೊಪ್ಪೆಯಾಗಿದ್ದ. ಅತಿಥಿ ಬಂದರೆ ಮನೆಯ ಯಜಮಾನ ಹೋಗಿ ಕುದುರೆಯ ಲಗಾಮು ಹಿಡಿಯಬೇಕು. ದೋಲೋತ್ ಗುಡಾರದೊಳಗೆ ಕುಳಿತು ಜೀನಿನ ಪಟ್ಟಿ ಹೊಲಿಯುತ್ತಲೇ ಇದ್ದ. ನಾನೇ ಹೋಗಿ ಹಿಡಿದೆ.

ಬೈಶೆನ್ ಇಳಿದು ಎರಡು ಹೆಜ್ಜೆ ಇಟ್ಟು, ಮೂರನೆಯದನ್ನು ಇಡಲಾರದೆ ನಿಂತ. "ತಾಯಿ, ಈ ಪ್ರಾಣಿಗೆ ಬ್ರೇಕ್ ಇಲ್ಲ ಕಣಮ್ಮ," ಎಂದ. ಅವನು ತಮಾಷೆ ಮಾಡಿದ್ದನ್ನು ಅದೇ ಮೊದಲು ಕೇಳಿದ್ದು.

ಸೋನುನ್ ಓಡಿ ಬಂದು ಎದುರು ನಿಂತಳು. "ತಾತಾ, ನಿಮ್ಮ ಲಾರಿ ಕೆಟ್ಟೋಯ್ತಾ? ನಾನು ಪ್ರಾರ್ಥನೆ ಮಾಡಿದ್ದೆ!"

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಬೈಶೆನ್ ಅವಳನ್ನೇ ನೋಡಿದ. "ಕೆಟ್ಟೋಯ್ತು ಪುಟ್ಟೀ. ಗೇರ್‌ಬಾಕ್ಸು. ಹೋದ ಮಂಗಳವಾರ." ಆಮೇಲೆ ಒಳಗೆ ನೋಡುತ್ತ ಮೆಲ್ಲಗೆ, "ನಿಮ್ಮ ಮನೆ ಪ್ರಾರ್ಥನೆ ಜೋರಾಗೇ ಇದೆ," ಎಂದ.

ಒಳಗೆ ಚಹಾ ಕೊಟ್ಟೆ, ಬೆಣ್ಣೆ ಇಟ್ಟೆ. ದೋಲೋತ್ ಸೂಜಿಯಿಂದ ಕಣ್ಣೆತ್ತಲಿಲ್ಲ.

"ಯಾಕೆ ಬಂದೆ?"

"ನನ್ನ ಸರದಿ ಇತ್ತು. ದೂರ ಹೋದವರನ್ನ ನೋಡಿ ಬರೋದು."

"ಪ್ರೀತಿ ಉಕ್ಕಿ ಬಂತೇನೋ ಅಂದ್ಕೊಂಡೆ."

"ಇಲ್ಲ," ಎಂದ ಬೈಶೆನ್. ಅವನು ಸುಳ್ಳು ಹೇಳಿದ್ದನ್ನು ಯಾರೂ ಕೇಳಿಲ್ಲ. "ನಿನ್ನ ಮುಖ ನೋಡೋಕೆ ನನಗೇನೂ ಆಸೆ ಇರ್ಲಿಲ್ಲ. ಮೇಷ್ಟ್ರಿಗೆ ಹೇಳ್ದೆ, ಬೇರೆಯವರ ಹೆಸರು ಹಾಕಿ ಅಂತ. 'ಪಟ್ಟಿ ನೀನೇ ಬರೆದದ್ದಲ್ವಾ' ಅಂದ್ರು. ಎರಡು ವಾರ ನೆಪ ಹೇಳ್ದೆ. ಆಮೇಲೆ ಹೊರಟೆ. ಇಷ್ಟ ಇದ್ದಾಗ ಮಾತ್ರ ಬರೋದಾದ್ರೆ ನಿನ್ನ ಹತ್ರ ಯಾರು ಬರ್ತಾರೆ ಹೇಳು? ನನ್ನ ಹತ್ರ ತಾನೇ ಯಾರು ಬರ್ತಾರೆ?"

ಬೈಶೆನ್ ತನ್ನ ಚೀಲದಿಂದ ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ದುಂಡು ರೊಟ್ಟಿ, ಒಂದು ಸಣ್ಣ ಸೀಸೆ ದ್ರಾಕ್ಷಿರಸ ತೆಗೆದು ಇಟ್ಟ. "ಇದು ಮೇಷ್ಟ್ರು ಕಳಿಸಿದ್ದು. ನಿಮ್ಮ ಜೊತೆ ಮುರಿದು ತಿಂದು ಬಾ ಅಂದಿದ್ದಾರೆ. ಐದು ತಿಂಗಳಾಯ್ತು ನೀವು ಪ್ರಭುಭೋಜನ ತಗೊಂಡು."

"ಕೊಡು ಹಾಗಾದ್ರೆ. ತಿಂತೀನಿ."

"ಹಾಗೆ ಆಗಲ್ಲ. ನಮ್ಮಿಬ್ಬರ ಮಧ್ಯೆ ಇರೋದು ಮೊದಲು ಮುಗೀಬೇಕು."

"ಬೆಟ್ಟಕ್ಕೂ ಹತ್ಕೊಂಡು ಬಂತಲ್ಲಪ್ಪಾ ನಿನ್ನ ನಿಯಮ!"

"ಇದು ನನ್ನದಲ್ಲ, ಪುಸ್ತಕದ್ದು. ಇಲ್ಲಿ ನೀನು ಯಾರನ್ನ ಕ್ಷಮಿಸ್ತೀಯ ದೋಲೋತ್? ಕುರಿಗಳನ್ನಾ?"

ದೋಲೋತ್ ಎದ್ದು ಹೊರಗೆ ಹೋದ. ಬೈಶೆನ್ ರೊಟ್ಟಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟ.

ಮರುದಿನ ಬೈಶೆನ್ ಹೊರಡಲಿಲ್ಲ, ನಮ್ಮ ಕೆಲಸಕ್ಕೆ ಕೈಹಾಕಿದ. ಅವನಿಗೆ ಕುರಿ ಕಾಯಲು ಬರಲಿಲ್ಲ; ಕುರಿಗಳೇ ಅವನನ್ನು ಕಾದವು. ಕುಮಿಸ್ ಕುಡಿದ, ಹುಳಿ ಬಂದ ಕುದುರೆ ಹಾಲು ಅವನ ಹೊಟ್ಟೆಗೆ ಒಗ್ಗಲಿಲ್ಲ. ಅರ್ಧ ದಿನ ಬಂಡೆಯ ಹಿಂದೆಯೇ ಕಳೆದ. ಸಂಜೆಗೆ ನಮ್ಮ ಒಲೆಯ ಹೊಗೆಕೊಳವೆ ಬಿಚ್ಚಿ, ತಟ್ಟಿ ನೇರ ಮಾಡಿ ಕೂರಿಸಿದ. ಎರಡು ತಿಂಗಳಿಂದ ನಮ್ಮ ಕಣ್ಣು ಉರಿಸುತ್ತಿದ್ದ ಹೊಗೆ ನಿಂತಿತು. ದೋಲೋತ್ ನೋಡಿದ, ಥ್ಯಾಂಕ್ಸ್ ಅನ್ನಲಿಲ್ಲ. ಒಂದೇ ಗುಡಾರದಲ್ಲಿ ಇಬ್ಬರು ಗಂಡಸರು, ನನ್ನ ಮೂಲಕವೇ ಮಾತು. "ಉಪ್ಪು ಕೊಡೋಕೆ ಹೇಳು ಅವನಿಗೆ." "ಅಲ್ಲೇ ಇದೆ ಅಂತ ಹೇಳು."

ಶುಕ್ರವಾರ ಬೆಳಗ್ಗೆ ಬೈಶೆನ್ ಹೊರಡಲು ಸಿದ್ಧನಾದ. ನಾನು ಅವನಿಗೆ ದಾರಿಗೆ ಕರಿದ ಹಿಟ್ಟಿನ ತುಂಡು ಕಟ್ಟಿಕೊಡುತ್ತ ಸುಮ್ಮನೆ ಕೇಳಿದೆ: "ಬುರುಲಜ್ಜಿ ಹೇಗಿದ್ದಾಳೆ? ವರ್ಷಾ ವರ್ಷ ನಾವು ಬೆಟ್ಟ ಹತ್ತೋ ಮುಂಚೆ ಸೋನುನ್‌ಗೆ ಕಾಲುಚೀಲ ಹೆಣೆದು ಕೊಡ್ತಿದ್ಲು. ಈ ಸಲ ಕೊಡ್ಲೇ ಇಲ್ಲ. ನಮ್ಮ ಮೇಲೆ ಕೋಪವಾ?"

ಬೈಶೆನ್ ಗಂಟಿನ ಮೇಲೆ ಕೈ ಇಟ್ಟು ನಿಂತ. "ಕೋಪ ಇಲ್ಲ. ಅವಳ ಕೈ ಸರಿ ಇಲ್ಲ."

"ಏನಾಯ್ತು?"

"ಹೇಳ್ಬೇಡ ಅಂದಿದ್ದಾಳೆ."

"ಏನಾಯ್ತು ಬೈಶೆನಣ್ಣ?"

ಅವನು ಬಾಗಿಲಲ್ಲಿ ನಿಂತಿದ್ದ ದೋಲೋತನ ಕಡೆ ನೋಡಿದ. ಹೇಳಲೋ ಬೇಡವೋ ಎಂದು ಅವನ ದವಡೆ ಅಲ್ಲಾಡಿತು. ಕೊನೆಗೆ ಹೇಳಿದ.

"ಆ ಭಾನುವಾರ ಒಲೆ ತಣ್ಣಗಿತ್ತು. ಹೊರಗೆ ಮೈನಸ್ ಇಪ್ಪತ್ತೆಂಟು. ನಾನು ಬೈತಾ ಕೂತಿದ್ದೆ. ಬುರುಲಜ್ಜಿ ಯಾರಿಗೂ ಹೇಳ್ದೆ ಎದ್ದು ಮನೆಗೆ ಹೋಗಿ, ತನ್ನದೇ ಕಲ್ಲಿದ್ದಲು ಬಕೆಟಿಗೆ ತುಂಬ್ಕೊಂಡು ಹೊತ್ಕೊಂಡು ಬಂದ್ಲು. ಗೇಟಿನ ಹತ್ರ ಜಾರಿ ಬಿದ್ಲು. ಮಣಿಕಟ್ಟು ಎರಡು ಕಡೆ ಮುರೀತು. ಬಿದ್ದಲ್ಲೇ ಹೇಳಿದ್ದು ಏನು ಗೊತ್ತಾ? 'ದೋಲೋತನಿಗೆ ಹೇಳ್ಬೇಡಿ, ಪಾಪ ಹುಡುಗ, ಕುರಿ ಈಯೋ ಕಾಲ.' ಮುಂದಿನ ವಾರ ಕೈ ಕಟ್ಟು ಹಾಕ್ಕೊಂಡು ಮನೇಲಿ ಮಲಗಿದ್ಲು. ನೀನು ಬಂದೆ. ನಗ್ತಾ ಬಂದೆ. ನನಗೆ ತಡೀಲಿಲ್ಲ, ಹೆಸರು ಓದ್ದೆ." ಅವನು ಟೊಪ್ಪಿಗೆ ತೆಗೆದ. "ಎಲ್ಲರ ಮುಂದೆ ಓದಿದ್ದು ತಪ್ಪು. ಹೊರಗೆ ಕರೆದು ಹೇಳ್ಬೇಕಿತ್ತು. ಅದನ್ನ ಕ್ಷಮಿಸು. ಕಲ್ಲಿದ್ದಲಿನ ವಿಷಯ ಮಾತ್ರ ನಾನು ಹಿಂದೆ ತಗೊಳಲ್ಲ."

ದೋಲೋತ್ ಗುಡಾರದ ಮರದ ಚೌಕಟ್ಟು ಹಿಡಿದು ನಿಂತಿದ್ದ. "ಐದು ತಿಂಗಳು," ಎಂದ. ಮತ್ತೆ, "ಐದು ತಿಂಗಳು ಯಾರೂ ಹೇಳ್ಲಿಲ್ಲ."

"ನೀನು ಬಂದಿದ್ರೆ ತಾನೇ ಗೊತ್ತಾಗೋದು? ಪ್ರತಿ ಭಾನುವಾರ ನಿಮ್ಮ ಹೆಸರು ಕರೀತೀವಿ."

"ಇನ್ನೂ ಓದ್ತಿದೀರಾ ನನ್ನ ಹೆಸರು?"

"ಪ್ರಾರ್ಥನೇಲಿ ಕಣಯ್ಯಾ."

ದೋಲೋತ್ ಕುದುರೆಗಳ ಕಡೆ ನಡೆದ. ಒಂದು ಗಂಟೆ ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು. ಬೈಶೆನ್‌ನ ಮುಂದೆ ನಿಂತು, ಹಿರಿಯರಿಗೆ ಕೊಡುವಂತೆ ಎರಡೂ ಕೈ ಚಾಚಿದ. ಬೈಶೆನ್ ಹಿಡಿದುಕೊಂಡ. ಅಪ್ಪುಗೆ ಗಿಪ್ಪುಗೆ ಏನೂ ಇರಲಿಲ್ಲ. ಇಬ್ಬರಿಗೂ ಅದು ಬರುವುದೂ ಇಲ್ಲ.

"ಸರಿ, ರೊಟ್ಟಿ ತೆಗೀಲಾ?" ಎಂದ ಬೈಶೆನ್.

"ಬೇಡ. ಮೊದಲು ಅಜ್ಜಿ ಹತ್ರ ಹೋಗ್ಬೇಕು. ನೀನು ನಾಳೆವರೆಗೆ ಇರು, ನಾವೂ ಬರ್ತೀವಿ."

ಕುರಿಗಳನ್ನು ನೋಡಿಕೊಳ್ಳಲು ಕಾಲಿಚಾಳನ್ನೂ ಅವಳ ಗಂಡನನ್ನೂ ಕೇಳಿಕೊಂಡೆವು. "ಹೋಗಿ ಬನ್ನಿ," ಎಂದಳು ಕಾಲಿಚಾ. "ಬರ್ತಾ ಮುಖ ಸರಿ ಮಾಡ್ಕೊಂಡು ಬನ್ನಿ, ಇಷ್ಟು ದಿನ ನಿಮ್ಮನ್ನ ನೋಡಿ ನಮ್ಮ ಹಾಲೂ ಒಡೀತಿತ್ತು." ಶನಿವಾರ ಬೆಳಕು ಹರಿಯುವಾಗ ಹೊರಟೆವು. ಸೋನುನ್ ಬೈಶೆನ್‌ನ ಮುಂದೆ ಕೂತು ಕುದುರೆಗೆ ಬ್ರೇಕ್ ಎಲ್ಲಿ ಹಾಕುವುದೆಂದು ಕಲಿಸುತ್ತ ಬಂದಳು. ನಡುಹಗಲು ತೊರೆಯ ಬಳಿ ಎಲ್ಲರಿಗೂ ಹಸಿವು. ಬೈಶೆನ್ ಬಿಳಿ ಬಟ್ಟೆ ಬಿಚ್ಚಿ, "ಇದಕ್ಕಿನ್ನೂ ಪ್ರಾರ್ಥನೆ ಆಗಿಲ್ಲ, ಬರೀ ರೊಟ್ಟಿ," ಎಂದು ತನಗೇ ಹೇಳಿಕೊಂಡು ನಾಲ್ಕು ಪಾಲು ಮಾಡಿದ. ಮೂರು ದಿನದ ರೊಟ್ಟಿ, ನೀರಿನಲ್ಲಿ ಅದ್ದಿ ತಿಂದೆವು.

ಸಂಜೆ ಬುರುಲಜ್ಜಿಯ ಬಾಗಿಲಿಗೆ ಮುಟ್ಟಿದೆವು. ದೋಲೋತ್ ಹೊಸ್ತಿಲಲ್ಲೇ ಮೊಣಕಾಲೂರಿದ. ಅವಳು ಬೈಶೆನ್‌ನನ್ನು ಒಮ್ಮೆ ದುರುಗುಟ್ಟಿ ನೋಡಿದಳು, "ಬಾಯಿಬಡುಕ," ಎಂದಳು. ಆಮೇಲೆ ದೋಲೋತನ ತಲೆಯ ಮೇಲೆ ಸೊಟ್ಟಗಾದ ಕೈ ಇಟ್ಟು, "ಅಳೋದು ಆಮೇಲೆ. ನಾಳೆ ಪ್ರಭುಭೋಜನ. ಈ ಕೈಲಿ ಹಿಟ್ಟು ಒತ್ತೋಕಾಗಲ್ಲ. ಮೇಷ್ಟ್ರ ಹೆಂಡ್ತಿ ಸುಟ್ಟದ್ದು ನೀವೂ ಇವತ್ತು ತಿಂದಿರ್ತೀರ, ಅದು ರೊಟ್ಟಿ ಅಲ್ಲ, ಕುದುರೆ ಲಾಳ. ಕೈ ತೊಳ್ಕೊಂಡು ಬಾ," ಎಂದಳು.

ಹುಟ್ಟಿದಾಗಿನಿಂದ ಹಿಟ್ಟು ಮುಟ್ಟದ ನನ್ನ ಗಂಡ ಅಂದು ಮೊಣಕೈವರೆಗೆ ಹಿಟ್ಟು ಬಳಿದುಕೊಂಡು ನಾದಿದ. ಅಜ್ಜಿ ಪಕ್ಕದಲ್ಲಿ ಕೂತು, "ಒತ್ತು, ಸವರಬೇಡ, ಅದೇನು ಕೊಮುಜಾ?" ಎಂದು ಗದರುತ್ತಿದ್ದಳು.

ಭಾನುವಾರ ಮೇಷ್ಟ್ರು ಆ ರೊಟ್ಟಿ ಮುರಿಯಲು ಎರಡು ಸಲ ಪ್ರಯತ್ನಿಸಬೇಕಾಯಿತು. ನಡುವೆ ಹಸಿ, ಅಂಚಿನಲ್ಲಿ ಸೀದಿತ್ತು. ತುಂಡು ಕೈಯಿಂದ ಕೈಗೆ ಬಂತು. ಬೈಶೆನ್ ತಾನು ತೆಗೆದುಕೊಂಡು ದೋಲೋತನಿಗೆ ದಾಟಿಸಿದ. ಬಾಯಲ್ಲಿಟ್ಟುಕೊಂಡಾಗ ನನಗೆ ಬೆಟ್ಟದ ಮೇಲಿನ ಭಾನುವಾರಗಳು ನೆನಪಾದವು. ಅಲ್ಲಿ ಯಾರೂ ನಮಗೆ ಏನನ್ನೂ ದಾಟಿಸಿರಲಿಲ್ಲ. ನಾವೂ ಯಾರಿಗೂ ದಾಟಿಸಿರಲಿಲ್ಲ.

ಆಮೇಲೆ ದೋಲೋತನನ್ನು ಹಾಡಲು ಹೇಳಿದರು. ಮೊದಲ ಸಾಲು ಹಾಡಿದ. ಎರಡನೆಯದರ ನಡುವೆ ನಿಲ್ಲಿಸಿಬಿಟ್ಟ, ಬೆರಳು ತಂತಿಯ ಮೇಲೇ ಉಳಿಯಿತು. ಆಗ ಹಿಂದಿನ ಸಾಲಿನಿಂದ ಒಂದು ಒರಟು, ಶ್ರುತಿಯಿಲ್ಲದ ದನಿ ಮೂರನೆಯ ಸಾಲು ಎತ್ತಿಕೊಂಡಿತು. ಬೈಶೆನ್. ಅದನ್ನು ಸರಿಮಾಡಲೆಂದೋ ಏನೋ ಎಲ್ಲರೂ ಒಟ್ಟಿಗೆ ಸೇರಿಕೊಂಡರು. ಹಾಡು ದೋಲೋತ್ ಇಲ್ಲದೆಯೇ ಮುಂದೆ ಹೋಯಿತು. ಕೊನೆಯ ಚರಣದ ಹೊತ್ತಿಗೆ ಅವನೂ ಮತ್ತೆ ದನಿಗೂಡಿಸಿದ.

ಸೋಮವಾರ ಹುಲ್ಲುಗಾವಲಿಗೆ ಮರಳಿದೆವು. ಆ ಬೇಸಗೆಯಲ್ಲಿ ಇನ್ನೂ ಎರಡು ಸಲ ಇಳಿದು ಬಂದೆವು, ಒಮ್ಮೆ ಮೇಷ್ಟ್ರು ಹತ್ತಿ ಬಂದರು. ಬುರುಲಜ್ಜಿಯ ಕೈ ನೆಟ್ಟಗಾಗಲಿಲ್ಲ, ಹಾಗಾಗಿ ಊರಲ್ಲಿದ್ದಾಗಲೆಲ್ಲ ರೊಟ್ಟಿಯ ಕೆಲಸ ದೋಲೋತನಿಗೇ ಉಳಿಯಿತು. ಈಗ ಅವನ ರೊಟ್ಟಿ ಚೆನ್ನಾಗಿಯೇ ಬರುತ್ತದೆ. ಅವನಿಗೂ ಬೈಶೆನ್‌ಗೂ ಇವತ್ತಿಗೂ ಅಷ್ಟಕ್ಕಷ್ಟೇ. ವಾರಕ್ಕೊಮ್ಮೆ ಯಾವುದಾದರೂ ವಿಷಯಕ್ಕೆ ಜಗಳವಾಡುತ್ತಾರೆ, ಪಕ್ಕಪಕ್ಕದಲ್ಲೇ ಕೂರುತ್ತಾರೆ. ರೊಟ್ಟಿಗೆ ಉಪ್ಪು ಜಾಸ್ತಿ ಎಂದು ಬೈಶೆನ್ ಹೇಳದ ಭಾನುವಾರವಿಲ್ಲ.