ಗುಂಡು ಬೆಳೆದದ್ದೋ, ನೆಲ ಇಳಿದದ್ದೋ

ಹುಲುಗಮ್ಮ ಹೊಲಕ್ಕೆ ಹೋಗುವುದನ್ನೇ ಬಿಟ್ಟಳು. ಕೇಳಿದರೆ ಮೊಣಕಾಲು ನೋವು ಎನ್ನುತ್ತಿದ್ದಳು. ಕೂಡ್ಲಿಗಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಮಗ ಕ್ರಾಂತಿಕುಮಾರ್ ಅದನ್ನೇ ನಂಬಿದ್ದ. ಆದರೆ ಅತ್ತೆ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು, ತಲೆಯ ಮೇಲೆ ಅಂಗೈಯಿಟ್ಟು ಎತ್ತರ ನೋಡಿಕೊಳ್ಳುವುದನ್ನು ಸೊಸೆ ವಾಣಿಶ್ರೀ ಕಂಡಿದ್ದಳು. ಗಂಡನಿಗೆ ಹೇಳಿದಳು.

ಮಗ ಬಿಡದೆ ಕೇಳಿದ ಮೇಲೆ ಹುಲುಗಮ್ಮ ಬಾಯಿಬಿಟ್ಟಳು. ಗುಡ್ಡದ ಬುಡದಲ್ಲಿರುವ ಅವರ ಹೊಲದಲ್ಲಿ ಒಂದು ದೊಡ್ಡ ಗುಂಡುಗಲ್ಲಿದೆ. ಮದುವೆಯಾಗಿ ಬಂದಾಗಿನಿಂದ ಅವಳು ಅದರ ಮೇಲೆ ಕೂತೇ ಬುತ್ತಿ ಬಿಚ್ಚುತ್ತಿದ್ದಳು. ಆಗ ಪಾದ ನೆಲಕ್ಕೆ ಊರುತ್ತಿದ್ದವು. ಈಗ ಹತ್ತುವುದೇ ಕಷ್ಟ, ಹತ್ತಿ ಕೂತರೆ ಕಾಲು ಜೋತಾಡುತ್ತವೆ.

"ಕಲ್ಲು ಬೆಳೀತೈತೋ, ನಾನು ಸವದು ಹೊಂಟೀನೋ, ತಿಳೀವಲ್ದಪ್ಪ," ಎಂದಳು. ಅವಳ ತಾಯಿ ಕೊನೆಗಾಲದಲ್ಲಿ ಕುಗ್ಗಿ ಕುಗ್ಗಿ ಮಗುವಿನಷ್ಟಾಗಿ ಹೋಗಿದ್ದಳು. ಹೆದರಿಕೆ ಅದರದ್ದು.

ಭಾನುವಾರ ಕ್ರಾಂತಿ ಅವಳನ್ನು ಬೈಕಿನಲ್ಲಿ ಹೊಲಕ್ಕೆ ಕರೆದೊಯ್ದ. ಗುಂಡಿನ ಮೈಯೆಲ್ಲ ಕಪ್ಪಗಿತ್ತು. ಬುಡದಲ್ಲಿ ಮಾತ್ರ ಗೇಣಗಲದ ಕೆಂಪು ಪಟ್ಟಿ, ಈಗಷ್ಟೇ ತೊಳೆದಿಟ್ಟಂತೆ. ಇಷ್ಟು ಭಾಗ ಮೊದಲು ಮಣ್ಣೊಳಗಿತ್ತು, ಮಳೆನೀರು ಮಣ್ಣನ್ನು ಒಯ್ದಿದೆ, ಕಲ್ಲು ಇದ್ದಲ್ಲೇ ಇದೆ ಎಂದು ಅವನು ವಿವರಿಸಿದ. ಎದುರಿನ ಗುಡ್ಡವೂ ಹಾಗೆಯೇ, ಸುತ್ತಲಿನ ನೆಲ ಸವೆದು ಹೋಗಿ ಗಟ್ಟಿಯಿದ್ದದ್ದು ಉಳಿದುಕೊಂಡಿದೆ.

"ಅಂದ್ರ ಕಲ್ಲು ಮ್ಯಾಲೆ ಬಂದಿಲ್ಲ?"

"ಇಲ್ಲವ್ವ," ಎಂದವನು ತಡೆದ. ಮೇಲಿನ ಭಾರ ಸವೆದಂತೆಲ್ಲ ಕೆಳಗಿನ ನೆಲ ಲಕ್ಷಾಂತರ ವರ್ಷಗಳಲ್ಲಿ ನಿಧಾನವಾಗಿ ಮೇಲೇಳುತ್ತದೆ ಎಂದು ಅವನೇ ತರಗತಿಯಲ್ಲಿ ಹೇಳಿದ್ದ. "ಒಂದೀಟು ಬಂದೂ ಇರ್ತೈತಿ. ನಮ್ಮ ಆಯುಷ್ಯದಾಗ ಕಣ್ಣಿಗೆ ಕಾಣಂಗಿಲ್ಲ."

"ಬಂದೈತಿ ಅಂತಿ, ಬಂದಿಲ್ಲ ಅಂತಿ."

ಮಕ್ಕಳ ಮುಂದೆ ಸಲೀಸಾಗಿ ಬರುತ್ತಿದ್ದ ಪಾಠವನ್ನು ಅಲ್ಲಿಗೇ ಬಿಟ್ಟು ಕ್ರಾಂತಿ ಬೈಕು ತಿರುಗಿಸಿದ.

ಅವಳ ಭಯ ಹೋಗಲೆಂದು ಹರಪನಹಳ್ಳಿಯ ಡಾಕ್ಟರಿಗೆ ತೋರಿಸಿದ. ಅಲ್ಲಿ ಗೊಂದಲ ಇನ್ನೂ ಹೆಚ್ಚಿತು. ಹುಲುಗಮ್ಮ ನಿಜವಾಗಿಯೂ ಸ್ವಲ್ಪ ಕುಗ್ಗಿದ್ದಳು. ವಯಸ್ಸಾದಂತೆ ಬೆನ್ನೆಲುಬು ಹಾಗಾಗುತ್ತದೆ, ಸದ್ಯ ಹೆದರುವಂಥದ್ದಿಲ್ಲ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು, ಹಾಗಾದರೆ ತನ್ನ ಕಾಲು ನೆಲ ಮುಟ್ಟದ್ದು ಯಾತರಿಂದ ಎಂದು ಕೇಳಿದಳು. ಎಲ್ಲದರಿಂದಲೂ ಇರಬೇಕು ಎಂದ ಕ್ರಾಂತಿ. ಅವಳು ಕಿಟಕಿಯಾಚೆಯ ಗುಡ್ಡಗಳನ್ನು, ಅವು ಏಳುತ್ತಿವೆಯೋ ಇಳಿಯುತ್ತಿವೆಯೋ ಎಂಬಂತೆ ನೋಡುತ್ತ ಕೂತಳು.

"ಅಲ್ಲಲೇ, ಹೋದ ಮಣ್ಣು ಎಲ್ಲಿಗೆ ಹೋತು?"

ಕೆರೆಗೆ ಎಂದ. ಅದೊಂದು ಮಾತು ಅವಳಿಗೆ ಚೆನ್ನಾಗಿ ಅರ್ಥವಾಯಿತು. ಮಾರನೆಯ ವಾರ ತಾನೇ ಮುಂದಾಗಿ ಹೊಲಕ್ಕೆ ಹೊರಟಳು. ಮೂವರೂ ಸೇರಿ ಇಳಿಜಾರಿಗೆ ಅಡ್ಡಲಾಗಿ ಕಲ್ಲು ಜೋಡಿಸಿ ಒಡ್ಡು ಹಾಕಿದರು.

ಮಳೆಯಾದ ಮೇಲೆ ಒಡ್ಡಿನ ಹಿಂದೆ ಮೆತ್ತನೆಯ ಮಣ್ಣು ನಿಂತಿತ್ತು. ಹುಲುಗಮ್ಮ ಒಂದು ಹಿಡಿ ತೆಗೆದು ಮೂಸಿ, ಇದು ಗುಡ್ಡದ್ದೋ ನಮ್ಮ ಹೊಲದ್ದೋ ಎಂದು ಕೇಳಿದಳು. ತನಗೆ ತಿಳಿಯದು ಎಂದ ಮಗ. ಅವಳಿಗೂ ತಿಳಿಯಲಿಲ್ಲ. ಸೆರಗಿನ ಗಂಟು ಬಿಚ್ಚಿ, ಆ ಮಣ್ಣಿನಲ್ಲೇ ನಾಲ್ಕು ತೊಗರಿ ಕಾಳು ಊರಿದಳು.