ಫ್ರಾನ್ಸಿನ ಮುದುಕ ಯಾಕೆ ಅತ್ತ

ನನಗೆ ಫ್ರೆಂಚ್ ಬರುತ್ತದೆ ಎಂದು ಕಟಕೋಳದಲ್ಲಿ ಎಲ್ಲರೂ ನಂಬಿದ್ದರು, ನನ್ನೊಬ್ಬಳನ್ನು ಬಿಟ್ಟು. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ. ಇಡೀ ರಾಮದುರ್ಗ ತಾಲೂಕಿನಲ್ಲಿ ನನ್ನ ತಪ್ಪು ಹಿಡಿಯುವವರು ಯಾರಿದ್ದರು?

ಧಾರವಾಡದಲ್ಲಿ ಎರಡು ವರ್ಷ ಕ್ಲಾಸಿಗೆ ಹೋಗಿ ಓದುವುದು, ಬರೆಯುವುದು ಕಲಿತಿದ್ದೆ. ಯಾರಾದರೂ ಮಾತಾಡಿದರೆ ಮಾತ್ರ ಏನೂ ತಿಳಿಯುತ್ತಿರಲಿಲ್ಲ. ಡಿಸೆಂಬರಿನ ಪರೀಕ್ಷೆ ಪಾಸಾದರೆ ಬೆಳಗಾವಿಯ ಶಾಲೆಯೊಂದರಲ್ಲಿ ಫ್ರೆಂಚ್ ಕಲಿಸುವ ಕೆಲಸ ಸಿಗುವುದಿತ್ತು. "ದಿನಾ ಒಂದು ತಾಸು ಫ್ರೆಂಚ್ ಟಿವಿ ನೋಡು, ಪರದೆಯ ಕೆಳಗೆ ಮಾತಿನ ಅಕ್ಷರ ಹಾಕಿಕೊಳ್ಳಬೇಡ, ಕಿವಿ ತಾನೇ ತೆರೆದುಕೊಳ್ಳುತ್ತದೆ" ಎಂದಿದ್ದರು ಮೇಡಂ. ಫ್ರಾನ್ಸಿನ ಮಧ್ಯಾಹ್ನದ ಸುದ್ದಿ ನಮಗೆ ಸಂಜೆ ನಾಲ್ಕೂವರೆಗೆ. ಮೊಬೈಲನ್ನು ಟಿವಿಗೆ ಜೋಡಿಸಿ ಕೂತರೆ ಅಪ್ಪ ಅಮೋಘಸಿದ್ದಪ್ಪನೂ ಕಂಬಳಿ ಹಾಸಿಕೊಂಡು ಪಕ್ಕಕ್ಕೆ ಬರುತ್ತಿದ್ದ. ಮೊಣಕಾಲು ನೋವು ಶುರುವಾದ ಮೇಲೆ ಕುರಿ ಮೇಯಿಸುವುದನ್ನು ತನ್ನ ತಮ್ಮ ಭೀಮಶಿಗೆ ಬಿಟ್ಟಿದ್ದ, ಹೀಗಾಗಿ ಸಂಜೆಗೆ ಬಿಡುವಿತ್ತು.

"ಏನ್ ಹೇಳಾಕತ್ತಾನವ್ವಾ ಅವಾ?" ಎಂದು ಮೊದಲ ದಿನವೇ ಕೇಳಿದ.

ತಿಳಿಯಲಿಲ್ಲ ಅನ್ನಬೇಕಿತ್ತು. ಆದರೆ ನಾನು ಕಲಿಯಲಿ ಎಂದು, ಬಂದ ಎರಡು ಸಂಬಂಧಗಳನ್ನು ವಾಪಸು ಕಳಿಸಿದ ಮನುಷ್ಯ ಅವನು. ಮೋಡದ ಚಿತ್ರ ಕಂಡಿತು, "ಮಳಿ ಆಗತೈತಂತ" ಅಂದೆ. ಮರುದಿನ ಬೋರ್ಡು ಹಿಡಿದ ಜನ ಕಂಡರು, "ಪಗಾರ ಸಾಲವಲ್ದಂತ" ಅಂದೆ. ಚಿತ್ರ ನೋಡಿ ಕತೆ ಹೇಳುವುದು ಬಾಲವಾಡಿಯ ಮಕ್ಕಳಿಗೂ ಬರುತ್ತದೆ. ಅಪ್ಪ ಮಾತ್ರ ಚಹಾದಂಗಡಿಯಲ್ಲಿ "ನಮ್ಮ ಮಹಾನಂದಾ ಫ್ರಾನ್ಸಿನ ಮಾತು ಕುಂತಲ್ಲೇ ಕನ್ನಡಾ ಮಾಡ್ತಾಳ" ಎಂದು ಎದೆಯುಬ್ಬಿಸಿ ಹೇಳಿಕೊಂಡು ಬಂದ.

ಸೆಪ್ಟೆಂಬರಿನಲ್ಲಿ ಒಂದು ದಿನ ಜಡಿಮಳೆ. ಕುರಿಗಳು ದೊಡ್ಡಿ ಬಿಟ್ಟಿರಲಿಲ್ಲ. ಭೀಮಶಿ ಕಾಕಾ, ಓಣಿಯ ಇನ್ನೊಬ್ಬ ಕುರಿಗಾರ ಪರಸಪ್ಪ ಚಹಾಕ್ಕೆ ಬಂದು ಟಿವಿ ಮುಂದೆ ಕೂತಿದ್ದರು. ಸುದ್ದಿಯ ನಡುವೆ ಕುರಿಗಳು ಬಂದವು. ಊದಿದ ತುಟಿ, ಬಾಯಲ್ಲಿ ನೊರೆ. ಮೂವರೂ ಒಮ್ಮೆಲೇ ಮುಂದಕ್ಕೆ ಬಾಗಿದರು.

"ನೀಲಿ ನಾಲಗಿ ಬ್ಯಾನಿ!" ಅಂದ ಕಾಕಾ. "ಅಲ್ಲೂ ಬಂದೈತೇನ್?"

ಅವರಿಗೆ ಆ ಬೇನೆಯ ಗುರುತು ಹಿಡಿಯಲು ಯಾವ ಭಾಷೆಯೂ ಬೇಕಾಗಲಿಲ್ಲ. ಆಮೇಲೆ ಸೂಜಿ ಹಿಡಿದ ಡಾಕ್ಟರು ಕಂಡರು. ಆಮೇಲೆ ಸಾಲಾಗಿ ಸತ್ತುಬಿದ್ದ ಕುರಿಗಳು. ಕೊನೆಗೆ ಒಬ್ಬ ಮುದುಕ, ನಮ್ಮವರ ಹಾಗೆಯೇ ಬೇಲಿಗೆ ಕೈಯೂರಿ ನಿಂತು ಏನೋ ಎರಡು ಮಾತು ಹೇಳಿ ಅತ್ತುಬಿಟ್ಟ.

"ಯಾಕ ಅಳಾಕತ್ತಾನ?" ಅಪ್ಪ ಕೇಳಿದ. ಮೂರು ಮುಖಗಳು ನನ್ನ ಕಡೆ ತಿರುಗಿದವು.

ಮೊದಲು ಸೂಜಿ, ಆಮೇಲೆ ಸಾವು, ಆಮೇಲೆ ಕಣ್ಣೀರು. ನಾನು ಜೋಡಿಸಿಬಿಟ್ಟೆ. "ಸೂಜಿ ಹಾಕ್ಸಿದ ಮ್ಯಾಲೆ ಗಬ್ಬದ ಕುರಿ ಸತ್ತಾವಂತ."

ಮುಂದಿನ ಸೋಮವಾರ ನಾನು ರಾಮದುರ್ಗಕ್ಕೆ ಹೋಗಿ ಬರುವಷ್ಟರಲ್ಲಿ ದನದ ಡಾಕ್ಟರು ಊರಿಗೆ ಬಂದು ಹೋಗಿದ್ದರು. ನೀಲಿ ನಾಲಿಗೆಗೆ ಲಸಿಕೆ ತಂದಿದ್ದರಂತೆ. ಮುನವಳ್ಳಿ ಕಡೆ ರೋಗ ಆಗಲೇ ಶುರುವಾಗಿತ್ತಂತೆ. ಅವ್ವ ರಾಯವ್ವ ರೊಟ್ಟಿ ಬಡಿಯುತ್ತ ಇದನ್ನೆಲ್ಲ ಹೇಳಿ, "ನಿಮ್ಮಪ್ಪ ಒಲ್ಲೆ ಅಂದ್ರು ನೋಡು. ಭೀಮಶೀನೂ ಒಲ್ಲೆ ಅಂದ, ಪರಸಪ್ಪನೂ ಒಲ್ಲೆ ಅಂದ. ಫ್ರಾನ್ಸಿನಾಗ ಅನುಭೋಗಿಸ್ಯಾರ, ನಾವ್ಯಾಕ ಅನುಭೋಗಿಸೂದು ಅಂದ್ರು" ಎಂದಳು.

ಮೂರು ದೊಡ್ಡಿಗಳಲ್ಲಿ ಇನ್ನೂರಕ್ಕೆ ಕಡಿಮೆಯಿಲ್ಲದಷ್ಟು ಕುರಿಗಳಿದ್ದವು, ಅರ್ಧದಷ್ಟು ಗಬ್ಬದವು.

ಆಗಲೇ ಅಪ್ಪನಿಗೆ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಅಂದಾಜಿಗೆ ಹೇಳಿದ್ದು ನಿಜವೇ ಆಗಿದ್ದರೆ? ಆಗ ಯಾರ ಮುಂದೆಯೂ ತಲೆ ತಗ್ಗಿಸುವ ಪ್ರಸಂಗ ಬರುವುದಿಲ್ಲವಲ್ಲ. ಆ ಸುದ್ದಿಯನ್ನು ಹುಡುಕಿ ತೆಗೆದು ಕೇಳತೊಡಗಿದೆ. ಕೆಳಗೆ ಅಕ್ಷರ ಹಾಕಿಕೊಳ್ಳೋಣವೆಂದರೆ ಆ ತುಣುಕಿಗೆ ಅದೂ ಇರಲಿಲ್ಲ. ಸುದ್ದಿ ಓದುವವಳು ಏದುಸಿರು ಬಿಡುವಂತೆ ಓದುತ್ತಿದ್ದಳು. ವೇಗ ಅರ್ಧಕ್ಕಿಳಿಸಿದೆ. ಒಂದು ಮಾತು ಹಿಡಿದು ಬರೆದುಕೊಳ್ಳುವಷ್ಟರಲ್ಲಿ ಮೂರು ಮಾತು ಓಡಿಹೋಗುತ್ತಿದ್ದವು. ಹೊರಗೆ ಕುರಿ ಕೆಮ್ಮಿದರೆ ಓಡಿಹೋಗಿ ಒಂದೊಂದರ ಬಾಯಿ ನೋಡಿ ಬರುತ್ತಿದ್ದೆ.

"ಪರೀಕ್ಷಾ ಡಿಸೆಂಬರದಾಗ ಐತಿ. ಈಗಿಂದನ ಇಷ್ಟ್ಯಾಕ ಒದ್ದಾಡ್ತಿ?" ಅಂದ ಅಪ್ಪ, ನನ್ನ ಪಕ್ಕ ಚಹಾ ಇಟ್ಟು. ನಾನು ಅವನ ಮುಖ ನೋಡಲಿಲ್ಲ.

ಸುದ್ದಿ ಓದುವವಳ ಮಾತು ಮಂಗಳವಾರ ಸಂಜೆಗೆ ಅರ್ಧಂಬರ್ಧ ತಿಳಿಯಿತು. ಮುದುಕನ ಮಾತು ಮಾತ್ರ ಹಳ್ಳಿಯ ಮಾತು, ಅಳುವಿನಲ್ಲಿ ಬೇರೆ ಕಲಸಿಹೋಗಿತ್ತು. ಬುಧವಾರ ಮಧ್ಯಾಹ್ನ, ಎಷ್ಟನೆಯ ಸಲವೋ ನೆನಪಿಲ್ಲ, ಅವನು ಬಾಯಿ ತೆರೆದ, ನನಗೆ ತಿಳಿಯಿತು. ಬಿಡಿ ಬಿಡಿ ಶಬ್ದವಲ್ಲ, ಇಡೀ ಮಾತು. ಎದುರಿಗೆ ಕೂತು ನನಗೇ ಹೇಳಿದಷ್ಟು ಸ್ಪಷ್ಟವಾಗಿ. ಹುಚ್ಚಿಯ ಹಾಗೆ ಹಿಗ್ಗಿದೆ, ಒಂದೇ ಒಂದು ಉಸಿರಿನಷ್ಟು ಹೊತ್ತು.

'ಡಾಕ್ಟರು ಬಂದಿದ್ದರು. ಮುಂದಿನ ವಾರ ಹಾಕಿಸಿದರಾಯಿತು ಅಂದೆ. ಇವನ್ನು ಕೊಂದವನು ನಾನೇ.'

ಸೂಜಿ ಹಾಕಿಸಿದ್ದಕ್ಕಲ್ಲ, ಹಾಕಿಸದೆ ಇದ್ದದ್ದಕ್ಕೆ ಅವನು ಅತ್ತದ್ದು. ಅವನ ಮಾತು ತಿಳಿಯಲೆಂದು ನಾನು ಕಳೆದ ಎರಡು ದಿನಗಳೂ ಅದೇ ತಪ್ಪಿನ ಲೆಕ್ಕಕ್ಕೆ ಸೇರಿದವು.

ಅಪ್ಪ ಹಿತ್ತಲಲ್ಲಿ ಕುರಿಗಳಿಗೆ ಜೋಳದ ಕಣಿಕೆ ಕೊಚ್ಚುತ್ತಿದ್ದ. ಹೋಗಿ ನಿಂತು ಎಲ್ಲವನ್ನೂ ಹೇಳಿದೆ. ಮಳೆಯ ಸುದ್ದಿಯಿಂದ ಹಿಡಿದು ಒಂದನ್ನೂ ಬಿಡಲಿಲ್ಲ. ಅವನು ಕೊಡಲಿ ಕೆಳಗಿಟ್ಟ.

"ಅವತ್ತು ನಿನಗ ತಿಳೀಲೇ ಇಲ್ಲೇನು?"

"ಇಲ್ಲಪ್ಪಾ."

"ಒಂದ ಅಕ್ಷರಾನೂ?"

"ಇಲ್ಲ."

ಅವನು ಡಾಕ್ಟರಿಗೆ ಫೋನು ಹಚ್ಚಿ, "ತಪ್ಪಾತ್ರೀ ಸಾಹೇಬ್ರ, ಬರ್ರಿ" ಎಂದು ಮೂರು ಸಲ ಕೇಳಿಕೊಂಡ. ಔಷಧ ತರಿಸಬೇಕು, ಶುಕ್ರವಾರ ಬರುತ್ತೇನೆ ಎಂದರಂತೆ ಅವರು. "ನಡಿ, ನಾ ಎಲ್ಲೆಲ್ಲಿ ಹೇಳೇನಿ ಅಲ್ಲೆಲ್ಲಾ ಹೇಳಿ ಬರೂಣು" ಎಂದು ಆ ನೋವಿನ ಕಾಲಲ್ಲೇ ಎದ್ದು ಹೊರಟ. ನನಗಾಗಿ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ಭೀಮಶಿ ಕಾಕಾ ಕೇಳಿ ತಲೆ ಚಚ್ಚಿಕೊಂಡ. ಅವನ ಕುರಿಗಳು ಇನ್ನೂ ಚೆನ್ನಾಗಿದ್ದವು. ಚಹಾದಂಗಡಿಯಲ್ಲಿ ನಾನು ನೆಲ ನೋಡುತ್ತ ಮೆಲ್ಲಗೆ ಹೇಳಿದೆ. ಅಪ್ಪ "ಜೋರಾಗಿ ಹೇಳು" ಅಂದ, ಇನ್ನೊಮ್ಮೆ ಹೇಳಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಲ್ಲೊಬ್ಬರು ಗೊಣಗಿದರು.

ಕೊನೆಗೆ ಪರಸಪ್ಪನ ದೊಡ್ಡಿ. ಅವನು ಡಾಕ್ಟರನ್ನು ಕರೆತರಲು ಮನೆಗೆ ಬೆಂಕಿ ಬಿದ್ದವರ ಹಾಗೆ ಓಡಿಹೋಗಿದ್ದನಂತೆ. ಅವನ ಹೆಂಡತಿ ಕರೆವ್ವ ಒಂದು ಗಬ್ಬದ ಕುರಿಯ ಕತ್ತನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತುಟಿ ಊದಿತ್ತು, ಮೂಗಿನಿಂದ ಸೋರುತ್ತಿತ್ತು. ಹಿಂದೆ ಇನ್ನೆರಡು ತಲೆ ತೂಗಿಸಿಕೊಂಡು ನಿಂತಿದ್ದವು.

"ತಪ್ಪು ನಂದು, ಕರೆವ್ವಾ" ಎಂದು ಅಪ್ಪ ಶುರುಮಾಡಿದ.

"ಅಲ್ಲ" ಎಂದು ನಾನು ಮುಂದೆ ಬಂದೆ. "ನಂದು, ಚಿಗವ್ವಾ. ಆ ಟಿವಿಯಾಗಿನ ಮುದುಕ ಏನಂದ ಅಂತ ನನಗ ತಿಳಿದಿರಲಿಲ್ಲ. ತಿಳದಾಂಗ ಮಾಡಿದ್ನಿ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ನಿಜವಾಗಿಯೂ ಅರ್ಥವಾಗದವಳಂತೆ ಕೇಳಿದಳು:

"ತಿಳೀಲಿಲ್ಲ ಅನ್ನಾಕ ಯಾವ ಭಾಷಾ ಕಲೀಬೇಕಿತ್ತವ್ವಾ ನೀ?"

ಅವಳು ಪಕ್ಕದ ಬಟ್ಟಲನ್ನು ನನ್ನ ಕಡೆ ಸರಿಸಿ ಎರಡೂ ಕೈಗಳಿಂದ ಕುರಿಯ ಬಾಯಿ ತೆರೆದು ಹಿಡಿದಳು. ನಾನು ಮಂಡಿಯೂರಿ ಜೋಳದ ಗಂಜಿಯನ್ನು ಹನಿ ಹನಿಯಾಗಿ ಬಿಟ್ಟೆ. ಅದು ನುಂಗಲಿಲ್ಲ.