ಮಡಚಿದ ಹಾಳೆ

ಬಸುರಿ ಭಾಗ್ಯಳ ಹೆಸರು ಮೊಬೈಲಿನ ಆ್ಯಪ್‌ನಲ್ಲಿ ಇರಲಿಲ್ಲ. ಯಶೋಧರಾ ಮೂರು ಸಲ ಹುಡುಕಿದಳು. ಆಶಾ ಕಾರ್ಯಕರ್ತೆಯರಿಗಾಗಿ ಆ ಆ್ಯಪ್ ಕಟ್ಟಿದವಳೇ ಅವಳು; ಹಿರೇಹಡಗಲಿಯ ಬಸುರಿಯರೆಲ್ಲ ಅದರೊಳಗೆ ಭದ್ರವಾಗಿದ್ದಾರೆಂದು ಕೂಡ್ಲಿಗಿಯ ಬಾಡಿಗೆ ಕೋಣೆಯಲ್ಲಿ ಕೂತು ನಂಬಿದ್ದವಳು. ಇಂದು ಅದನ್ನು ನೋಡಲು ಊರಿಗೇ ಬಂದಿದ್ದಳು.

“ಎಂಟು ತುಂಬ್ಯಾವ ಆಕಿಗೆ. ಹೋದ ತಿಂಗಳ ಬಿಪಿ ಏರಿತ್ತು,” ಎಂದಳು ಊರಿನ ಆಶಾ ಕಾರ್ಯಕರ್ತೆ ಉಚ್ಚಂಗೆಮ್ಮ. “ಎಲ್ಲಿ ನುಂಗಿತವ್ವಾ ನಿನ್ನ ಮೊಬೈಲು?”

“ನೀವು ‘ಊರು ಬಿಟ್ಟಿದ್ದಾರೆ’ ಅಂತ ಒತ್ತೀರಿ ಅಕ್ಕಾರ. ಅದಕ್ಕ ಪಟ್ಟಿಯಿಂದ ತೆಗದೈತಿ.”

“ಚೊಚ್ಚಲ ಬಾಣಂತನಕ್ಕ ತವರಿಗೆ ಹೋದಾಕಿ ಊರು ಬಿಟ್ಟಂಗೇನು? ಇದ್ದದ್ದು ಎರಡ ಗುಂಡಿ. ಇದ್ದಾಳ ಅಂತ ಒತ್ತಿದ್ರ ‘ಮನಿಗೆ ಹೋಗು’ ಅಂತ ದಿನಾ ಕುಯ್ ಅಂತೈತಿ. ಸಾಕಾಗಿ ಇನ್ನೊಂದು ಒತ್ತಿದೆ.”

ಯಶೋಧರಾ ಪರದೆಯ ಮೇಲಿನ ಆ ಎರಡು ಗುಂಡಿ ನೋಡಿದಳು. ಗುಂಡಿಗಳು ಕಡಿಮೆಯಿದ್ದಷ್ಟೂ ಸುಲಭವೆಂದು ಎರಡೇ ಇಟ್ಟವಳು ತಾನೇ.

ಉಚ್ಚಂಗೆಮ್ಮ ಚೀಲದಿಂದ ಹಳೆಯ ನೋಟುಬುಕ್ಕು ತೆಗೆದಳು. ಹೆಸರುಗಳು ಅಕ್ಷರದ ಸಾಲಿನಲ್ಲಿರಲಿಲ್ಲ. ಅವಳು ನಡೆಯುವ ಓಣಿಗಳ ಸಾಲಿನಲ್ಲಿದ್ದವು. ತವರಿಗೆ ಹೋದವರ ಹಾಳೆಯ ಮೂಲೆ ಮಡಚಿತ್ತು. ಮಡಚಿದಲ್ಲಿ ತವರೂರು, ಅಣ್ಣನದೋ ಅಪ್ಪನದೋ ಫೋನ್ ನಂಬರು. ಆ್ಯಪ್ ಬಂದ ಮೇಲೆ ಪುಸ್ತಕದಲ್ಲಿ ಬರೆಯುವುದು ನಿಂತಿತ್ತು. ಭಾಗ್ಯಳ ಹಾಳೆಯ ಮೂಲೆ ನೆಟ್ಟಗಿತ್ತು.

ಭಾಗ್ಯಳ ಅತ್ತೆಯಿಂದ ನಂಬರು ಪಡೆದು ಫೋನ್ ಮಾಡಿದರು. ತವರೂರು ಮಾಗಳದಲ್ಲಿ ಭಾಗ್ಯಳ ಅಣ್ಣ ಎತ್ತಿದ. ಕಾಲು ಬಾತಿವೆ, ತಲೆನೋವು, ನೋಡಲು ಯಾರೂ ಬಂದೇ ಇಲ್ಲ ಎಂದ.

“ಈಗಿಂದೀಗ ಹಡಗಲಿ ತಾಲೂಕ ದವಾಖಾನಿಗೆ ಕರಕಂಡ್ ಬಾರಪಾ, ನಾವೂ ಬಂದ್ವಿ,” ಎಂದು ಉಚ್ಚಂಗೆಮ್ಮ ಚಪ್ಪಲಿ ಮೆಟ್ಟಿದಳು.

ದವಾಖಾನೆಯಲ್ಲಿ ಸಂಜೆಗೆ ಭಾಗ್ಯಳ ಬಿಪಿ ಇಳಿಯಿತು. ಉಚ್ಚಂಗೆಮ್ಮ ಒಳಗೆ ಭಾಗ್ಯಳ ಪಕ್ಕ ಕೂತಳು. ಯಶೋಧರಾ ಹೊರಗಿನ ಬೆಂಚಿನಲ್ಲಿ ಲ್ಯಾಪ್‌ಟಾಪ್ ತೆರೆದು ಮೂರನೆಯ ಗುಂಡಿ ಕೂಡಿಸಿದಳು: ‘ತವರಿನಲ್ಲಿ’. ಒತ್ತಿದರೆ ಹೆಸರಿನ ಮೂಲೆ ಮಡಚಿದಂತೆ ಕಾಣುತ್ತದೆ. ತವರೂರು ಕೇಳುತ್ತದೆ, ಅಲ್ಲಿನವರ ನಂಬರು ಕೇಳುತ್ತದೆ. ಎರಡೂ ತುಂಬದಿದ್ದರೆ ಮುಂದೆ ಬಿಡುವುದಿಲ್ಲ.

ಪರೀಕ್ಷೆಗೆ ತನ್ನದೇ ಹೆಸರು ಹಾಕಿದಳು. ತವರೂರು ಕೊಟ್ಟೂರು. ನಂಬರು?

ತವರಿನಲ್ಲಿ ಫೋನ್ ಎತ್ತುವವರು ಯಾರೂ ಇಲ್ಲ. ಗಂಡನ ಮನೆ ಬಿಟ್ಟು ಐದು ವರ್ಷ, ಅವ್ವ ತೀರಿ ಮೂರು. ಇರುವವಳು ಮಗಳೊಬ್ಬಳು, ಅವಳಿಗಿನ್ನೂ ಏಳು ವರ್ಷ. ಈ ಹೊತ್ತಿಗೆ ಕೂಡ್ಲಿಗಿಯಲ್ಲಿ ಪಕ್ಕದ ಮನೆಯ ಹೊಸ್ತಿಲ ಮೇಲೆ ಶಾಲೆಯ ಬ್ಯಾಗು ಇಳಿಸದೆ ಕೂತಿರುತ್ತಾಳೆ.

ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು: ‘ನಂಬರು ಕಡ್ಡಾಯ’.

ಯಶೋಧರಾ ಆ ಕಟ್ಟಳೆಯನ್ನು ತೆಗೆದುಹಾಕಿದಳು. ನಂಬರಿಲ್ಲದವಳ ಹೆಸರೂ ಪಟ್ಟಿಯಲ್ಲಿ ಉಳಿಯಲಿ. ಆಮೇಲೆ ತನ್ನ ಹೆಸರು ಅಳಿಸಿ, ಕೂಡ್ಲಿಗಿ ಬಸ್ಸಿಗೆ ಎದ್ದಳು.